ಬೆನ್ನುಹುರಿಗೆ ಪೆಟ್ಟು: ಮೂತ್ರಕೋಶಕ್ಕೆ ವಿದ್ಯುತ್ತಿನ ಆಸರೆ

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತದ ನಾಡಾದ ಸಿಂಧನೂರು ತಾಲೂಕಿನಲ್ಲಿ, ಜವಳಗೇರಾದಂತಹ ಊರುಗಳ ವ್ಯಾಪಾರವು ಚೀಲ ಹೊರುವ ಹೆಗಲುಗಳನ್ನು ನಂಬಿಕೊಂಡಿದೆ. ಎತ್ತರಕ್ಕೆ ಒಟ್ಟಿದ ಚೀಲಗಳ ಮೇಲಿನಿಂದಲೋ ಲಾರಿಯಿಂದಲೋ ಹಮಾಲನೊಬ್ಬ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ, ಕಾಲು ಸೋತದ್ದು ಎಲ್ಲರಿಗೂ ಕಾಣುತ್ತದೆ; ಮೂತ್ರಕೋಶ ಹತೋಟಿ ತಪ್ಪಿದ್ದು ಕಾಣುವುದಿಲ್ಲ. ಆತ ಮರಳಿ ದುಡಿಯಲು ಬಾರದಂತೆ ಎಷ್ಟೋ ವೇಳೆ ತಡೆಯುವುದು ಈ ಕಾಣದ ತೊಂದರೆಯೇ.

ಮೂತ್ರಕೋಶವನ್ನು ತೊಟ್ಟಿಯೆಂದೂ, ಅದರ ಬಾಯಿಯ ಸ್ನಾಯುವನ್ನು ವಾಲ್ವ್ ಎಂದೂ ಭಾವಿಸೋಣ. ಮಿದುಳಿನ ಆಜ್ಞೆ ತಲುಪದಿದ್ದಾಗ ತೊಟ್ಟಿ ತಾನಾಗಿಯೇ ಹಿಂಡಿಕೊಳ್ಳುತ್ತದೆ; ಅದೇ ಹೊತ್ತಿಗೆ ವಾಲ್ವ್ ಬಿಗಿಯುತ್ತದೆ. ಒಳಗಿನ ಒತ್ತಡ ಹಿಮ್ಮುಖವಾಗಿ ಏರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಇದಕ್ಕೆ ಇಂಗ್ಲೆಂಡಿನ ಶರೀರವಿಜ್ಞಾನಿ ಜೈಲ್ಸ್ ಬ್ರಿಂಡ್ಲಿ ಅವರು 1970ರ ದಶಕದಲ್ಲಿ ಒಂದು ಉಪಕರಣವನ್ನು ರೂಪಿಸಿದರು. ಬೆನ್ನಿನ ಕೆಳತುದಿಯ ನರಮೂಲಗಳಿಗೆ ವಿದ್ಯುದ್ವಾರಗಳನ್ನು ಜೋಡಿಸಿ, ಚರ್ಮದಡಿ ಗ್ರಾಹಕವನ್ನು ಕೂರಿಸಲಾಗುತ್ತದೆ. ಹೊರಗಿನ ಪೆಟ್ಟಿಗೆಯಿಂದ ರೇಡಿಯೋ ತರಂಗದ ಮೂಲಕ ಶಕ್ತಿ ದೊರೆಯುವುದರಿಂದ ಒಳಗೆ ಬ್ಯಾಟರಿ ಬೇಕಿಲ್ಲ. ವಿದ್ಯುತ್ತನ್ನು ಬಿಟ್ಟುಬಿಟ್ಟು ಹರಿಸಿದಾಗ ವಾಲ್ವ್ ಬೇಗನೆ ಸಡಿಲಗೊಳ್ಳುತ್ತದೆ, ಮೂತ್ರಕೋಶದ ಹಿಂಡಿಕೆ ಮಾತ್ರ ನಿಧಾನವಾಗಿ ಮುಂದುವರಿಯುತ್ತದೆ. ಆ ನಡುವಿನ ಬಿಡುವಿನಲ್ಲಿ ಮೂತ್ರ ಹೊರಬರುತ್ತದೆ.

ಆದರೆ ಇದು ಎಲ್ಲರಿಗೂ ಒಗ್ಗುವ ಚಿಕಿತ್ಸೆಯಲ್ಲ. ಕೆಳಗಿನ ನರಗಳು ಜೀವಂತವಾಗಿರಬೇಕು. ತಾನಾಗಿ ಸೋರುವುದನ್ನು ನಿಲ್ಲಿಸಲು ಸಾಮಾನ್ಯವಾಗಿ ಸಂವೇದನಾ ನರಮೂಲಗಳನ್ನು ಕತ್ತರಿಸುತ್ತಾರೆ. ಅದರಿಂದ ಉಳಿದಿದ್ದ ಸ್ಪರ್ಶಜ್ಞಾನವೂ ಲೈಂಗಿಕ ಪ್ರತಿಕ್ರಿಯೆಯೂ ಹೋಗಬಹುದು. ಹುರಿ ಪೂರ್ಣ ತುಂಡಾಗದವರಲ್ಲಿ ಕೆಲವರಿಗೆ ಕಾಲಿನ ಗಿಣ್ಣಿನ ಬಳಿಯ ನರಕ್ಕೆ ಸೂಜಿ ಅಥವಾ ಪಟ್ಟಿಯ ಮೂಲಕ ಮೃದುವಾದ ವಿದ್ಯುತ್ ನೀಡುವ ಸರಳ ವಿಧಾನವೂ ಇದೆ. ಸೂಜಿಯ ವಿಧಾನದಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ 30 ನಿಮಿಷದಂತೆ 12 ವಾರ ನೀಡುತ್ತಾರೆ.

ಇವೆಲ್ಲಕ್ಕೂ ಮೊದಲಿನ ಆಸರೆ ಸಾಮಾನ್ಯ ಕ್ಯಾತಿಟರ್ ನಳಿಗೆಯೇ. ರೋಗಿಯೇ 4ರಿಂದ 6 ಗಂಟೆಗೊಮ್ಮೆ ಶುದ್ಧ ಕೈಗಳಿಂದ ನಳಿಗೆ ಹಾಕಿ ಮೂತ್ರ ಬರಿದುಮಾಡುವ ಈ ಕ್ರಮವನ್ನು ಅಮೆರಿಕದ ವೈದ್ಯ ಜಾಕ್ ಲ್ಯಾಪಿಡೆಸ್ ಅವರು 1972ರಲ್ಲಿ ಪ್ರಚಾರಕ್ಕೆ ತಂದರು. ಇದನ್ನು ಕಲಿಯಲು, ಯಾವ ಚಿಕಿತ್ಸೆ ತಕ್ಕದ್ದೆಂದು ಪರೀಕ್ಷಿಸಿಕೊಳ್ಳಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗ ಪುನಶ್ಚೇತನ ವಿಭಾಗವಿದೆ. 1959ರಲ್ಲಿ ಸ್ಥಾಪನೆಯಾದ ಅಂಗವಿಕಲರ ಸಂಸ್ಥೆಯಾದ ಎ.ಪಿ.ಡಿ.ಯೂ ಅದೇ ನಗರದಲ್ಲಿ ಬೆನ್ನುಹುರಿ ಪೆಟ್ಟಾದವರ ಪುನರ್ವಸತಿಯಲ್ಲಿ ತೊಡಗಿದೆ.

ವರ್ತಕರಾದ ನಾವು ಶಸ್ತ್ರಕ್ರಿಯೆ ಮಾಡಲಾರೆವು. ಆದರೆ ಗಾಲಿಕುರ್ಚಿ ಒಳಹೋಗುವಷ್ಟು ಅಗಲದ ಬಾಗಿಲುಳ್ಳ ಶೌಚಾಲಯ, ಕೈತೊಳೆಯಲು ನೀರು ಮತ್ತು ಸಾಬೂನು, ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಬಿಡುವು — ಇಷ್ಟನ್ನು ಗಿರಣಿಯಲ್ಲಿ ಒದಗಿಸುವುದು ನಮ್ಮ ಕೈಯಲ್ಲಿದೆ. ಚೀಲ ಹೊರಲಾರದವನು ತೂಕದ ಚೀಟಿ ಬರೆಯಬಲ್ಲ, ಲೆಕ್ಕ ನೋಡಬಲ್ಲ. ಪರಿಹಾರದ ಹಣ ಕೊಟ್ಟು ಕೈತೊಳೆದುಕೊಳ್ಳುವ ಮುನ್ನ, ನಮ್ಮ ಸದಸ್ಯರು ಆತನಿಗೊಂದು ಕುರ್ಚಿಯನ್ನೂ ಉಳಿಸಿಡುವರೆಂದು ಆಶಿಸೋಣ.