ವಾರ್ಡನ್ ಹೋದರು, ಕೆಂಪು ದಾರ ಉಳಿಯಿತು

ಇಂಗ್ಲೆಂಡಿನ ಶೆಲ್ಟರ್ಡ್ ಹೌಸಿಂಗನ್ನು ವೃದ್ಧಾಶ್ರಮ ಎಂದರೆ ಅಲ್ಲಿನ ಅಜ್ಜ-ಅಜ್ಜಿಯರಿಗೆ ಸಿಟ್ಟು ಬಂದೀತು. ಸಾಲಾಗಿ ಪುಟ್ಟ ಫ್ಲ್ಯಾಟುಗಳು, ಎಲ್ಲರೂ ಸೇರಿ ಚಹಾ ಕುಡಿಯಲು ಒಂದು ಹಜಾರ. ಮನೆಯ ಬೀಗದ ಕೈ ಅವರದೇ, ಅಡುಗೆಯೂ ಅವರದೇ. ಬಾಡಿಗೆ ಮಾತ್ರ ಕೌನ್ಸಿಲ್‌ಗೋ ಹೌಸಿಂಗ್ ಅಸೋಸಿಯೇಷನ್‌ಗೋ ಹೋಗುತ್ತದೆ. ಇಂಥ ಮನೆಗಳು ಹೇಗಿರಬೇಕೆಂದು 1969ರ ಸರ್ಕಾರಿ ಸುತ್ತೋಲೆಯೊಂದು ಅಳತೆ ಹಾಕಿಕೊಟ್ಟಿತ್ತು.

ಇವುಗಳ ಜೀವಾಳ ಎಂದರೆ ಅದೇ ಕಟ್ಟಡದಲ್ಲಿ ವಾಸವಿರುತ್ತಿದ್ದ ವಾರ್ಡನ್. ಬೆಳಗ್ಗೆ ಎಲ್ಲರ ಯೋಗಕ್ಷೇಮ ವಿಚಾರಿಸುವುದು, ಕರೆಗಂಟೆ ಬಾರಿಸಿದರೆ ಓಡುವುದು ಅವರ ಕೆಲಸ. ಆದರೆ ಹೊಸ್ತಿಲಲ್ಲೇ ಉಳಿದ ಹಾಲಿನ ಬಾಟಲಿ, ಮಧ್ಯಾಹ್ನವಾದರೂ ಸರಿಯದ ಕಿಟಕಿಯ ಪರದೆ, ಚಹಾಕ್ಕೆ ಬಾರದ ಒಬ್ಬರು... ಇವನ್ನೆಲ್ಲ ಗಮನಿಸಬೇಕೆಂದು ಯಾವ ನೇಮಕಾತಿ ಪತ್ರದಲ್ಲೂ ಬರೆದಿರಲಿಕ್ಕಿಲ್ಲ. ಬೆಲೆಯಿದ್ದದ್ದು ಅದಕ್ಕೇ.

2003ರಲ್ಲಿ ‘ಸಪೋರ್ಟಿಂಗ್ ಪೀಪಲ್’ ಯೋಜನೆ ಬಂದು, ಇಂಥ ನೆರವಿಗೆಂದೇ ಪ್ರತ್ಯೇಕ ಹಣ ತೆಗೆದಿಟ್ಟಿತು. 2009ರಲ್ಲಿ ಆ ಮೀಸಲು ರದ್ದಾಯಿತು. ಕೌನ್ಸಿಲ್‌ಗಳು ಹಣವನ್ನು ಬೇರೆಡೆಗೂ ಬಳಸಬಹುದಾಯಿತು. ಅಷ್ಟರಲ್ಲೇ ಹಲವೆಡೆ ವಾರ್ಡನ್‌ಗಳ ಜಾಗಕ್ಕೆ ಊರೆಲ್ಲ ಸುತ್ತುವ ‘ಫ್ಲೋಟಿಂಗ್ ಸಪೋರ್ಟ್’ ಸಿಬ್ಬಂದಿ ಬರತೊಡಗಿದ್ದರು. ಬಾರ್ನೆಟ್ ಮತ್ತು ಪೋರ್ಟ್ಸ್‌ಮತ್‌ನ ನಿವಾಸಿಗಳು ಸುಮ್ಮನಿರದೆ ಹೈಕೋರ್ಟ್ ಮೆಟ್ಟಿಲೇರಿದರು. ಅದೇ ಡಿಸೆಂಬರ್‌ನಲ್ಲಿ ತೀರ್ಪು ಅವರ ಪರವಾಗಿ ಬಂತು: ಅಂಗವಿಕಲರ ಮೇಲಾಗುವ ಪರಿಣಾಮವನ್ನು ಕೌನ್ಸಿಲ್‌ಗಳು ಸರಿಯಾಗಿ ಪರಿಗಣಿಸಿರಲಿಲ್ಲ. ವಾರ್ಡನ್ ಇರಲೇಬೇಕೆಂದು ಮಾತ್ರ ಕೋರ್ಟ್ ಹೇಳಲಿಲ್ಲ. ಗೆದ್ದರೂ ಪೂರ್ತಿ ಗೆದ್ದಂತಾಗಲಿಲ್ಲ.

ಈಗ ಬಹಳ ಕಡೆ ಉಳಿದಿರುವ ಭರವಸೆ ಎಂದರೆ ಬಚ್ಚಲಲ್ಲೂ ಮಲಗುವ ಕೋಣೆಯಲ್ಲೂ ಇಳಿಬಿಟ್ಟ ಕೆಂಪು ದಾರ. ಎಳೆದರೆ ದೂರದ ಕಾಲ್ ಸೆಂಟರಿನಿಂದ ಗೋಡೆಯ ಸ್ಪೀಕರ್ ಮಾತಾಡುತ್ತದೆ. ಬಿದ್ದವರ ಕೈಗೂ ಸಿಗಲೆಂದು ದಾರ ನೆಲದವರೆಗೆ ಇಳಿದಿರಬೇಕು. ಗುಡಿಸುವಾಗ ಅಡ್ಡ ಬರುತ್ತದೆಂದು ಅನೇಕರು ಅದನ್ನು ಸುತ್ತಿ ಮೇಲೆ ಕಟ್ಟಿಬಿಡುತ್ತಾರೆ. ವಾರ್ಡನ್ ಇದ್ದಿದ್ದರೆ ಗಂಟು ಬಿಚ್ಚಿ, ನಾಲ್ಕು ಮಾತು ಬೈದು ಹೋಗುತ್ತಿದ್ದರು.

ಈ ದಾರಕ್ಕೂ ಈಗ ಹೊಸ ತಲೆನೋವು. ಜನವರಿ 2027ರೊಳಗೆ ಬ್ರಿಟನ್ನಿನ ಹಳೆಯ ಟೆಲಿಫೋನ್ ಜಾಲ ಬಂದ್ ಆಗಲಿದೆ. ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಡಿಜಿಟಲ್ ಫೋನು ಮನೆಯ ಕರೆಂಟು ಹೋದರೆ ಸತ್ತಂತೆ. ಅಪಾಯದಲ್ಲಿರುವ ಗ್ರಾಹಕರಿಗೆ ಕನಿಷ್ಠ ಒಂದು ಗಂಟೆ ತುರ್ತು ಕರೆ ಸಾಧ್ಯವಾಗುವ ವ್ಯವಸ್ಥೆ ಕೊಡಿ ಎನ್ನುತ್ತದೆ ನಿಯಂತ್ರಣ ಸಂಸ್ಥೆ ಆಫ್‌ಕಾಮ್. ನವೆಂಬರ್ 2021ರ ‘ಆರ್ವೆನ್’ ಬಿರುಗಾಳಿಯಲ್ಲಿ ಸಾವಿರಾರು ಮನೆಗಳಿಗೆ ವಾರ ಕಳೆದರೂ ಕರೆಂಟು ಬಂದಿರಲಿಲ್ಲ.