ಮೋಟಾರು ಮನೆಯ ಹೊರಚಾಚು ಕೋಣೆ: ರಬ್ಬರ್ ಅಂಚು ಕೆಟ್ಟರೆ ನೆಲವೇ ಕುಸಿದೀತು

ಶಿವಯೋಗ ಮಂದಿರ (ಬಾಗಲಕೋಟೆ ಜಿಲ್ಲೆ): ಬಾದಾಮಿಯ ಗುಹಾಲಯಗಳು, ಪಟ್ಟದಕಲ್ಲು, ಐಹೊಳೆ, ಬನಶಂಕರಿ, ಮಹಾಕೂಟ ಹಾಗೂ 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರ - ಇಷ್ಟೂ ಕ್ಷೇತ್ರಗಳು ಒಂದಕ್ಕೊಂದು ಸಮೀಪದಲ್ಲಿವೆ. ವಸತಿಗೃಹವನ್ನು ಅರಸದೆ, ಮನೆಯನ್ನೇ ಗಾಲಿಯ ಮೇಲೆ ಹೊತ್ತು ಸಂಚರಿಸುವವರಿಗೆ ಇಂತಹ ಪ್ರದೇಶ ಹೇಳಿ ಮಾಡಿಸಿದಂತಿದೆ. ರಾಜ್ಯದ 2020-26ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೂ ಸ್ಥಾನ ದೊರೆತಿತ್ತು. ಆದರೆ ಐಷಾರಾಮಿ ಮೋಟಾರು ಮನೆಗಳ ಅತ್ಯಂತ ಆಕರ್ಷಕ ಭಾಗವಾದ ಹೊರಚಾಚು ಕೋಣೆಗೆ (ಸ್ಲೈಡ್‌ಔಟ್) ಇಲ್ಲಿನ ಬಿಸಿಲು, ಧೂಳು ಮತ್ತು ಎರೆಮಣ್ಣು ಕಠಿಣ ಪರೀಕ್ಷೆಯನ್ನೇ ಒಡ್ಡುತ್ತವೆ.

ಏನಿದು ಹೊರಚಾಚು ಕೋಣೆ?

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಸ್ತೆಯಲ್ಲಿ ಓಡುವ ವಾಹನದ ಅಗಲ 2.6 ಮೀಟರ್ ಮೀರುವಂತಿಲ್ಲ. ಈ ಮಿತಿಯೊಳಗೆ ಮಂಚ, ಅಡುಗೆಕಟ್ಟೆ, ಸೋಫಾ ಎಲ್ಲವನ್ನೂ ಇರಿಸಿದರೆ ನಡೆದಾಡಲು ಸ್ಥಳವೇ ಉಳಿಯದು. ಇದಕ್ಕೆ ಪರಿಹಾರವಾಗಿ ಅಮೆರಿಕದ ನ್ಯೂಮಾರ್ ಸಂಸ್ಥೆ 1990ರಲ್ಲಿ ಹೊರಚಾಚು ಕೋಣೆಯನ್ನು ಪರಿಚಯಿಸಿತು. ವಾಹನ ನಿಂತ ಮೇಲೆ ಗೋಡೆಯ ಒಂದು ಭಾಗ, ಮೇಜಿನ ಖಾನೆ ಎಳೆದಂತೆ, ತನ್ನ ನೆಲ ಮತ್ತು ಮಾಡಿನೊಂದಿಗೆ ಹೊರಗೆ ಸರಿಯುತ್ತದೆ. ಹೊರಡುವ ಮುನ್ನ ಮತ್ತೆ ಒಳಗೆ ಸೇರುತ್ತದೆ. ವಿದ್ಯುತ್ ಮೋಟಾರಿನಿಂದ ತಿರುಗುವ ಹಲ್ಲುಗಾಲಿ, ಉಕ್ಕಿನ ಹಗ್ಗ ಅಥವಾ ಹೈಡ್ರಾಲಿಕ್ ಒತ್ತಡ - ಇವುಗಳಲ್ಲಿ ಒಂದರಿಂದ ಈ ಚಲನೆ ನಡೆಯುತ್ತದೆ. ನಮ್ಮಲ್ಲಿ ಇಂತಹ ವಾಹನಗಳು ಇನ್ನೂ ವಿರಳವಾದರೂ, ಚಿತ್ರರಂಗದ ವ್ಯಾನಿಟಿ ವ್ಯಾನ್‌ಗಳ ಮೂಲಕ ಈ ತಂತ್ರ ಪರಿಚಿತವಾಗಿದೆ.

ಎರಡು ಬಗೆಯ ಅಂಚು

ಗೋಡೆಯಲ್ಲಿ ಇಷ್ಟು ದೊಡ್ಡ ಬಾಗಿಲು ಕೊರೆದ ಮೇಲೆ ನೀರು, ಗಾಳಿ, ಧೂಳುಗಳನ್ನು ತಡೆಯುವ ಏಕೈಕ ರಕ್ಷೆ ಎಂದರೆ ಸುತ್ತಲಿನ ರಬ್ಬರ್ ಅಂಚು. ಬಸ್ ಬಾಡಿ ಕಟ್ಟುವವರು ಬೀಡಿಂಗ್ ಎನ್ನುವುದು ಇದನ್ನೇ. ಇದರಲ್ಲಿ ಎರಡು ವಿಧ. ಟೊಳ್ಳಾದ ಕೊಳವೆಯಾಕಾರದ ಅಂಚು, ಕೋಣೆ ಪೂರ್ಣವಾಗಿ ಹೊರಬಂದಾಗ ಅಥವಾ ಪೂರ್ಣವಾಗಿ ಒಳಸೇರಿದಾಗ ಚಪ್ಪಟೆಯಾಗಿ ಅಮುಕಿಕೊಂಡು ಸಂದನ್ನು ಮುಚ್ಚುತ್ತದೆ. ನಾಲಗೆಯಂತಹ ಇನ್ನೊಂದು ಅಂಚು, ಕೋಣೆ ಸರಿಯುವಾಗ ಅದರ ಗೋಡೆಯ ಮೇಲಿನ ನೀರು-ಕಸವನ್ನು ಒರೆಸುತ್ತದೆ.

ಇದರಿಂದ ಮೊದಲ ನಿಯಮ ತಾನಾಗಿಯೇ ಹೊರಡುತ್ತದೆ. ಕೋಣೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಅರ್ಧದಲ್ಲಿ ನಿಂತಾಗ ಕೊಳವೆ ಅಂಚು ಯಾವುದಕ್ಕೂ ತಾಗಿರುವುದಿಲ್ಲ. ಮಳೆ ಬಂದರೆ ನೀರು ನೇರವಾಗಿ ಒಳನುಗ್ಗುತ್ತದೆ.

ಶುಚಿತ್ವವೇ ಮುಖ್ಯ

ಈ ಅಂಚುಗಳನ್ನು ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನಿಂದ ತಯಾರಿಸುತ್ತಾರೆ. ಬಿಸಿಲು ಮತ್ತು ನೀರನ್ನು ಇದು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಪೆಟ್ರೋಲಿಯಂ ಎಣ್ಣೆಗಳನ್ನು ತಾಳದು. ಸೀಮೆಎಣ್ಣೆ, ಡೀಸೆಲ್, ಗ್ರೀಸ್ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಗ್ಯಾರೇಜುಗಳಲ್ಲಿ ರಬ್ಬರಿಗೆ ಹಳೆಯ ಎಂಜಿನ್ ಆಯಿಲ್ ಸವರುವ ರೂಢಿ ಇಲ್ಲಿ ಅಪಾಯಕಾರಿ.

ಬಾದಾಮಿ ಸೀಮೆಯ ಕೆಂಪು ಮರಳುಗಲ್ಲಿನ ಧೂಳಿನಲ್ಲಿ ಗಟ್ಟಿಯಾದ ಬೆಣಚು ಕಣಗಳಿರುತ್ತವೆ. ರಬ್ಬರಿಗೂ ಗೋಡೆಗೂ ನಡುವೆ ಇವು ಸಿಲುಕಿದರೆ ಉಜ್ಜುಕಾಗದದಂತೆ ಕೆಲಸ ಮಾಡಿ ಎರಡನ್ನೂ ಸವೆಸುತ್ತವೆ. ಆದ್ದರಿಂದ ಅಂಚುಗಳನ್ನು ಮೃದು ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ರಬ್ಬರ್ ರಕ್ಷಣೆಗೆಂದೇ ದೊರೆಯುವ ಎಣ್ಣೆರಹಿತ ದ್ರಾವಣವನ್ನು ಲೇಪಿಸಬೇಕು. ಮೂರು ತಿಂಗಳಿಗೊಮ್ಮೆ ಇದು ಸಾಕಾದರೂ, ಧೂಳಿನ ರಸ್ತೆಯ ಪ್ರವಾಸದ ನಂತರ ಕೂಡಲೇ ಮಾಡುವುದು ಒಳಿತು. ಹಲ್ಲುಗಾಲಿ ಮತ್ತು ಹಳಿಗಳಿಗೂ ಜಿಡ್ಡಿನ ಗ್ರೀಸ್ ಬದಲು ಒಣ ಲೇಪನವೇ ಸೂಕ್ತ. ಜಿಡ್ಡು ಧೂಳನ್ನು ಹಿಡಿದಿಡುತ್ತದೆ.

ಕೋಣೆಯ ಮಾಡನ್ನು ಮರೆಯುವವರೇ ಹೆಚ್ಚು. ಬೇವಿನ ಮರದ ಕೆಳಗೆ ನಿಂತ ವಾಹನದ ಮೇಲೆ ಎಲೆ, ಹೂ, ಕಡ್ಡಿ ಬೀಳುತ್ತವೆ. ಜಾಲಿಯ ಮುಳ್ಳಂತೂ ರಬ್ಬರನ್ನು ಸೀಳಿಬಿಡುತ್ತದೆ. ಒಳಗೆಳೆಯುವ ಮುನ್ನ ಏಣಿ ಹತ್ತಿ ಗುಡಿಸಲೇಬೇಕು. ಮಳೆಯಲ್ಲಿ ನೆನೆದ ಕೋಣೆಯನ್ನು ಅನಿವಾರ್ಯವಾಗಿ ಮುಚ್ಚಿದ್ದರೆ, ಬಿಸಿಲು ಬಂದೊಡನೆ ಮತ್ತೆ ತೆರೆದು ಒಣಗಿಸಬೇಕು. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಸೋರಿಕೆ ಪತ್ತೆ ಹೇಗೆ?

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಪತ್ರಿಕೆಯ ಕಾಗದದ ಪಟ್ಟಿಯನ್ನು ಅಂಚಿನ ಮೇಲಿರಿಸಿ ಕೋಣೆಯನ್ನು ಮುಚ್ಚಬೇಕು. ಎಳೆದಾಗ ಪಟ್ಟಿ ಬಿಗಿಯಾಗಿ ಹಿಡಿದರೆ ಅಂಚು ಸರಿಯಿದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದಿದೆ ಎಂದರ್ಥ. ರಾತ್ರಿ ಒಳಗೆ ದೀಪ ಹಚ್ಚಿ ಹೊರಗಿನಿಂದ ನೋಡಿದರೆ ಬೆಳಕು ಇಣುಕುವ ಜಾಗಗಳು ಕಾಣುತ್ತವೆ. ನಾಲ್ಕು ಮೂಲೆಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು, ಏಕೆಂದರೆ ಅಂಚಿನ ತುಂಡುಗಳು ಕೂಡುವುದು ಅಲ್ಲಿಯೇ.

ಕೋಣೆಯ ನೆಲ ಬಹುತೇಕ ಪ್ಲೈವುಡ್‌ನಂತಹ ಹಲಗೆಯದು. ಮೂಲೆಯಲ್ಲಿ ಹನಿಹನಿಯಾಗಿ ಇಳಿದ ನೀರು ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಹಲಗೆಯನ್ನು ಕೊಳೆಸುತ್ತದೆ. ಅಂಚಿನುದ್ದಕ್ಕೂ ಪಾದದಿಂದ ಒತ್ತಿದಾಗ ನೆಲ ಮೆತ್ತಗೆನಿಸಿದರೆ ಕೊಳೆತ ಆರಂಭವಾಗಿದೆ ಎಂದೇ ತಿಳಿಯಬೇಕು. ಅಂಚು ಬದಲಿಸುವುದು ಕೆಲವು ಗಂಟೆಗಳ ಕೆಲಸ. ನೆಲ ಬದಲಿಸುವುದೆಂದರೆ ಕೋಣೆಯನ್ನೇ ಕಳಚಬೇಕು. ಸರಿಯುವ ಸಂದಿಗೆ ಸಿಲಿಕಾನ್ ಅಂಟು ಬಳಿಯುವುದು ಪರಿಹಾರವಲ್ಲ. ಮುಂದಿನ ಚಲನೆಯಲ್ಲಿ ಅದು ರಬ್ಬರನ್ನೇ ಕಿತ್ತುಕೊಂಡು ಬರುತ್ತದೆ.

ಎರೆಮಣ್ಣು, ಬ್ಯಾಟರಿ ಮತ್ತು ಪ್ರವಾಹ

ಮಲಪ್ರಭೆಯ ದಂಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬಿ ಕೆಸರಾಗುತ್ತದೆ. ಒಂದು ಗಾಲಿ ಹೂತರೂ ಚೌಕಟ್ಟು ತಿರುಚಿಕೊಂಡು ಕೋಣೆ ಓರೆಯಾಗುತ್ತದೆ. ಆಗ ಒಂದು ಬದಿಯ ಅಂಚು ಅತಿಯಾಗಿ ಅಮುಕಿ, ಇನ್ನೊಂದು ಬದಿ ಸಡಿಲವಾಗುತ್ತದೆ. ಗಟ್ಟಿ ನೆಲವನ್ನೇ ಆರಿಸಿ, ಜ್ಯಾಕ್‌ಗಳ ಕೆಳಗೆ ಅಗಲವಾದ ಹಲಗೆ ಇಡುವುದು ಕ್ಷೇಮ. ಮಟ್ಟಗೊಳಿಸುವುದು ಮೊದಲೋ, ಕೋಣೆ ತೆರೆಯುವುದು ಮೊದಲೋ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ವಾಹನದ ಕೈಪಿಡಿಯನ್ನೇ ಅನುಸರಿಸಬೇಕು.

ಕೋಣೆ ಸಿಕ್ಕಿಕೊಂಡಾಗ ಮೊದಲು ನೋಡಬೇಕಾದದ್ದು ಬ್ಯಾಟರಿ. ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಶಕ್ತಿ ಕುಗ್ಗಿದರೆ ಎರಡು ಬದಿಯ ಮೋಟಾರುಗಳ ವೇಗ ಹೊಂದದೆ ಕೋಣೆ ಸೊಟ್ಟಗಾಗಿ ನಿಲ್ಲಬಹುದು. ಬಳಿಕ ಫ್ಯೂಸ್ ಪರೀಕ್ಷಿಸಬೇಕು. ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದರಿಂದ ಹಲ್ಲು ಮುರಿಯುವುದೇ ಹೆಚ್ಚು.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಹೊರಚಾಚಿದ ಕೋಣೆಯೊಂದಿಗೆ ವಾಹನ ಓಡಲಾರದು. ನವಿಲುತೀರ್ಥದ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ಹೇಗೆ ಉಕ್ಕುತ್ತದೆ ಎಂಬುದನ್ನು ಈ ಸೀಮೆ 2019ರ ಆಗಸ್ಟ್‌ನಲ್ಲಿ ಕಂಡಿದೆ. ಪಟ್ಟದಕಲ್ಲಿನ ದೇಗುಲಗಳ ಆವರಣಕ್ಕೂ ಆಗ ನೀರು ನುಗ್ಗಿತ್ತು. ಮಳೆಗಾಲದಲ್ಲಿ ನದಿದಂಡೆಯಲ್ಲಿ ರಾತ್ರಿ ತಂಗದಿರುವುದೇ ಲೇಸು. ಎಲ್ಲಿಯೇ ತಂಗಿದರೂ, ವಿದ್ಯುತ್ ಇಲ್ಲದೆ ಕೋಣೆಯನ್ನು ಕೈಯಿಂದ ಒಳಗೆಳೆಯುವ ವಿಧಾನವನ್ನು ಕನಿಷ್ಠ ಇಬ್ಬರಾದರೂ ಅರಿತು, ಒಮ್ಮೆ ಮಾಡಿ ನೋಡಿರಬೇಕು. ಅದಕ್ಕೆ ಬೇಕಾದ ಹಿಡಿಕೆಯನ್ನು ಕೋಣೆಯ ಕೆಳಗಿನ ಡಬ್ಬಿಯಲ್ಲಲ್ಲ, ಚಾಲಕನ ಆಸನದ ಬಳಿ ಇಡಬೇಕು.

ಕೊನೆಯದಾಗಿ, ಜಾತ್ರೆಯ ದಿನಗಳಲ್ಲಿ ಕುತೂಹಲದಿಂದ ಮಕ್ಕಳು ವಾಹನವನ್ನು ಸುತ್ತುವರಿಯುವುದು ಸಹಜ. ಕೋಣೆ ಚಲಿಸುವಾಗ ಒಬ್ಬರು ಹೊರಗೆ ನಿಂತು ಕಾಯುವುದು, ಒಳಗೆ ಯಾರ ಕೈಯೂ ಅಂಚಿನ ಬಳಿ ಇರದಂತೆ ನೋಡಿಕೊಳ್ಳುವುದು ಕಡ್ಡಾಯ. ಹಲವು ಕ್ವಿಂಟಲ್ ತೂಗುವ ಗೋಡೆಗೆ ಎದುರಿಗೆ ಇರುವುದು ಮಗುವೋ ಕಡ್ಡಿಯೋ ಎಂಬುದು ತಿಳಿಯದು.