ಮೊದಲು ಕೀವು, ಆಮೇಲೆ ಮಾತ್ರೆ

ತೊಡೆಯ ಮೇಲೊಂದು ಕುರು ಎದ್ದರೆ ನಮ್ಮಲ್ಲಿ ಹೆಚ್ಚಿನವರು ನೇರ ಮೆಡಿಕಲ್ ಸ್ಟೋರಿಗೆ ನಡೆಯುತ್ತಾರೆ. ನಾಲ್ಕು ಅಮಾಕ್ಸಿಸಿಲಿನ್ ಸಿಗುತ್ತದೆ. ಎರಡು ನುಂಗುವಷ್ಟರಲ್ಲಿ ಕುರು ತಾನಾಗಿ ಒಡೆದರೂ ಹೆಸರು ಮಾತ್ರೆಗೇ. ಕುರುವಿಗೆ ಸಾಮಾನ್ಯ ಕಾರಣ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅದು ತೊಂದರೆ ಕೊಡದೆ ಇದ್ದೇ ಇರುತ್ತದೆ. ಪೆನಿಸಿಲಿನ್ ಬಳಗದ ಔಷಧಗಳು ಅದರ ಕೋಶಗೋಡೆ ಕಟ್ಟುವ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕೊಲ್ಲುತ್ತವೆ. ಆದರೆ ಎಂಆರ್‌ಎಸ್‌ಎ ಎಂಬ ತಳಿಗಳು ಔಷಧದ ಹಿಡಿತಕ್ಕೆ ಸಿಗದ ಬೇರೊಂದು ಪ್ರೋಟೀನನ್ನು ತಯಾರಿಸಿಕೊಂಡು ಗೋಡೆ ಕಟ್ಟುತ್ತಲೇ ಹೋಗುತ್ತವೆ. ಅಮಾಕ್ಸಿಸಿಲಿನ್ನಿಗೆ ಕ್ಲಾವುಲನೇಟ್ ಬೆರೆಸಿದ ದುಬಾರಿ ಮಾತ್ರೆಯೂ ಅಲ್ಲಿ ನಡೆಯುವುದಿಲ್ಲ.

ಎಂಆರ್‌ಎಸ್‌ಎ ಆಸ್ಪತ್ರೆಯ ಕಾಯಿಲೆ, ಮನೆಯಲ್ಲಿರುವ ನಮಗೇನು ಎನ್ನುವವರಿದ್ದಾರೆ. 1961ರಲ್ಲಿ ಬ್ರಿಟನ್ನಿನಲ್ಲಿ ಇದು ಮೊದಲು ವರದಿಯಾದ ಮೇಲೆ ದಶಕಗಳ ಕಾಲ ಆ ಮಾತು ಬಹುಮಟ್ಟಿಗೆ ನಿಜವೂ ಆಗಿತ್ತು. 1997ರಿಂದ 1999ರ ನಡುವೆ ಅಮೆರಿಕದ ಮಿನೆಸೋಟ ಮತ್ತು ನಾರ್ತ್ ಡಕೋಟದಲ್ಲಿ, ಆಸ್ಪತ್ರೆಯ ಸಂಪರ್ಕದಂಥ ಮಾಮೂಲಿ ಕಾರಣ ಯಾವುದೂ ಇಲ್ಲದ ನಾಲ್ಕು ಮಕ್ಕಳು ಇದರಿಂದ ತೀರಿಕೊಂಡಾಗ ಆ ನಂಬಿಕೆ ಕುಸಿಯಿತು. 2003ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಫುಟ್‌ಬಾಲ್ ತಂಡದ 58 ಆಟಗಾರರಲ್ಲಿ ಐವರಿಗೆ ಸೋಂಕು ತಗುಲಿತು. ಕೃತಕ ಹುಲ್ಲಿಗೆ ಉಜ್ಜಿ ತರಚಿದ ಜಾಗದಲ್ಲೇ ಕುರು. ಮೈದಾನದಲ್ಲಿ ಒಂದೇ ಟವೆಲ್ಲನ್ನು ಮೂವರವರೆಗೂ ಹಂಚಿಕೊಳ್ಳುತ್ತಿದ್ದರು. ಸಾಲದ್ದಕ್ಕೆ, ಈ ಆಟಗಾರರಿಗೆ ಸಾಮಾನ್ಯರಿಗಿಂತ ಎಷ್ಟೋ ಪಟ್ಟು ಹೆಚ್ಚು ಆಂಟಿಬಯಾಟಿಕ್ ಬರೆದುಕೊಡಲಾಗುತ್ತಿತ್ತು. ಸೋಂಕಿಗೆ ಬೇಕಾದದ್ದು ತರಚಿದ ಚರ್ಮ ಮತ್ತು ಹಂಚಿಕೊಂಡ ಬಟ್ಟೆ ಅಷ್ಟೇ. ಇವೆರಡೂ ನಮ್ಮ ಹಾಸ್ಟೆಲ್, ಗರಡಿಮನೆಗಳಲ್ಲಿ ಬೇಕಾದಷ್ಟಿವೆ.

ಹಾಗಾದರೆ ಇನ್ನೂ ಬಲವಾದ ಮಾತ್ರೆ ಕೊಡಿ ಎಂಬುದು ಸಹಜವಾದ ವಾದ. ಆದರೆ ಕೀವು ತುಂಬಿದ ಚೀಲದೊಳಕ್ಕೆ ರಕ್ತವೇ ಸರಿಯಾಗಿ ಹರಿಯದು, ಔಷಧ ತಲುಪುವುದು ದೂರದ ಮಾತು. ಕೊಯ್ದು ಕೀವು ತೆಗೆಯುವುದೇ ಮುಖ್ಯ ಚಿಕಿತ್ಸೆ. ಇದಕ್ಕೆ ಎದುರಾಗಿ 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ತೋರಿಸಬಹುದು: ಕೀವು ತೆಗೆದ ಮೇಲೆ ಕೋ-ಟ್ರೈಮಾಕ್ಸಜೋಲ್ ಪಡೆದವರಲ್ಲಿ ಶೇಕಡಾ 80.5 ಮಂದಿ ಗುಣವಾದರೆ, ಬರೀ ಹುಸಿಮಾತ್ರೆ ಪಡೆದವರಲ್ಲಿ 73.6. ಮಾತ್ರೆಯಿಂದ ಲಾಭವಿದೆ, ಒಪ್ಪೋಣ. ಆದರೆ ಇಬ್ಬರಿಗೂ ಮೊದಲು ಕೀವು ತೆಗೆದಿತ್ತು. ಕೊಟ್ಟದ್ದು ಅಲ್ಲಿನ ತಳಿಗೆ ತಾಗುವ ಹಳೆಯ, ಅಗ್ಗದ ಔಷಧ. ಭಾರತ ಉಪಖಂಡದಲ್ಲೇ ಹುಟ್ಟಿ ಹಲವು ದೇಶಗಳಿಗೆ ಹಬ್ಬಿದ, ‘ಬಂಗಾಳಕೊಲ್ಲಿ ತಳಿ’ ಎಂದೇ ಕರೆಯುವ ಎಸ್‌ಟಿ772ರ ಕಥೆ ಬೇರೆ. ಅದರಲ್ಲಿ ಎರಿಥ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಬಳಗಗಳಿಗೂ ಪ್ರತಿರೋಧ ಸಾಮಾನ್ಯ. ಅಂಗಡಿಯವರು ಅಂದಾಜಿನಲ್ಲಿ ಕೊಡುವುದು ಹೆಚ್ಚಾಗಿ ಇವನ್ನೇ.

ವೈದ್ಯರೇ ಇಲ್ಲದ ಊರಿನಲ್ಲಿ ಏನು ಮಾಡಬೇಕು? ಈ ಆಕ್ಷೇಪಕ್ಕೆ ತೂಕವಿದೆ. ಸಣ್ಣ ಕುರುವಿಗೆ ಬಿಸಿನೀರಿನ ಬಟ್ಟೆಯ ಶಾಖ, ಮೇಲೊಂದು ಬ್ಯಾಂಡೇಜು, ಬೇರೆ ಟವೆಲ್ಲು ಸಾಕಾಗಬಹುದು; ಹಿಸುಕುವುದು ಮಾತ್ರ ಬೇಡ. ಜ್ವರ ಬಂದರೆ, ಕೆಂಪು ಹರಡಿದರೆ, ಕುರು ಮುಖದ ಮೇಲಿದ್ದರೆ, ರೋಗಿ ಹಸುಗೂಸೋ ಮಧುಮೇಹಿಯೋ ಆಗಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿ ಕೀವು ತೆಗೆದಾಗ ಅದರಲ್ಲಿ ಸ್ವಲ್ಪವನ್ನು ಕಲ್ಚರಿಗೆ ಕಳಿಸಿ ಎಂದು ಕೇಳಬಹುದು; ಯಾವ ಮಾತ್ರೆ ತಾಗುತ್ತದೆಂದು ಎರಡು ಮೂರು ದಿನದಲ್ಲಿ ತಿಳಿಯುತ್ತದೆ.